ಗದ್ದೆಯಿಂದ ಹೊಳೆಗೆ ಹೋಗುವ ಕೊಳೆ ತಡೆಯುವುದು ಹೇಗೆ? ತುಂಗಭದ್ರಾ ಅಚ್ಚುಕಟ್ಟಿನ ಊರುಗಳಿಗೆ ಸಮಗ್ರ ಮಾರ್ಗದರ್ಶಿ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಕಂಪ್ಲಿ, ಸಿರುಗುಪ್ಪ. ಈ ಊರುಗಳ ಸೋನಾ ಮಸೂರಿ ಬೆಂಗಳೂರಿನ ಅಂಗಡಿಗಳವರೆಗೂ ಹೋಗುತ್ತದೆ. ಅದನ್ನು ಬೆಳೆಸುವುದು ತುಂಗಭದ್ರೆಯ ನೀರು. 1953ರಲ್ಲಿ ಹೊಸಪೇಟೆ ಬಳಿಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಈ ಸೀಮೆಯ ಬದುಕೇ ಬದಲಾಯಿತು. ಯೋಜನೆ ಮಾಡಿದವರು ಮೊದಲು ಯೋಚಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು. ಈಗ ಕಣ್ಣು ಹಾಯಿಸಿದಲ್ಲೆಲ್ಲ ಭತ್ತ.

ಕಾಲುವೆಯಿಂದ ಗದ್ದೆಗೆ ಬಂದ ನೀರು ಅಲ್ಲೇ ನಿಲ್ಲುವುದಿಲ್ಲ. ಮಡಿಯಿಂದ ಮಡಿಗೆ ಇಳಿದು ಬಸಿಗಾಲುವೆ ಸೇರುತ್ತದೆ. ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಮತ್ತೆ ಹೊಳೆಗೆ. ಹೋಗುವಾಗ ಯೂರಿಯಾ, ರಂಜಕ (ಫಾಸ್ಫರಸ್), ಕಳೆನಾಶಕ, ಕೀಟನಾಶಕ, ಮೇಲ್ಮಣ್ಣು ಎಲ್ಲವನ್ನೂ ಜೊತೆಗೆ ಒಯ್ಯುತ್ತದೆ. ಅದೇ ಹೊಳೆಯ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ. ಮೇಲಿನ ಗದ್ದೆಯ ಬಸಿ ನೀರು ಕಾಲುವೆಗೇ ಸೇರಿದರಂತೂ, ಅದು ನೇರವಾಗಿ ಕೊನೆಭಾಗದ ಹಳ್ಳಿಗಳ ಕುಡಿಯುವ ನೀರಿನ ಕೆರೆಗೆ ಹೋಗುತ್ತದೆ.

ಇಡೀ ಹೊಳೆ ಸ್ವಚ್ಛ ಮಾಡುತ್ತೇವೆಂದು ಹೊರಟರೆ ಕೈಸೋಲುತ್ತದೆ. ಒಂದು ಹಳ್ಳ ಹಿಡಿದರೆ ಕೆಲಸ ಆಗುತ್ತದೆ. ಒಂದು ಹಳ್ಳಕ್ಕೆ ನೀರು ಬಿಡುವ ಗದ್ದೆಗಳು ಎಣಿಕೆಗೆ ಸಿಗುತ್ತವೆ. ಅವುಗಳ ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರೇ. ಅದಕ್ಕೇ ಈ ಬರಹದಲ್ಲಿ ಎಲ್ಲವನ್ನೂ ಒಂದು ಹಳ್ಳದ ಲೆಕ್ಕದಲ್ಲೇ ಹೇಳಿದ್ದೇನೆ.

ಯಾವುದು ಹೇಗೆ ಹೋಗುತ್ತದೆ, ಮೊದಲು ತಿಳಿಯಿರಿ

ಎಲ್ಲ ಕೊಳೆಯೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಹಾಗಾಗಿ ಎಲ್ಲಕ್ಕೂ ಒಂದೇ ಮದ್ದಿಲ್ಲ.

ಯೂರಿಯಾದ ಸಾರಜನಕ ನೀರಿನಲ್ಲಿ ಕರಗುತ್ತದೆ. ಭತ್ತದ ಗದ್ದೆಯಲ್ಲಿ ಹಾಕಿದ ಸಾರಜನಕದಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇಕಡ 30ರಿಂದ 40 ಅಷ್ಟೇ. ಉಳಿದದ್ದರಲ್ಲಿ ಸ್ವಲ್ಪ ಗಾಳಿಗೆ ಹಾರುತ್ತದೆ, ಸ್ವಲ್ಪ ನೀರಿನ ಜೊತೆ ಹರಿಯುತ್ತದೆ, ಸ್ವಲ್ಪ ನೈಟ್ರೇಟ್ ಆಗಿ ನೆಲಕ್ಕೆ ಇಳಿದು ಬೋರ್‌ವೆಲ್ ಸೇರುತ್ತದೆ. ಡಿಎಪಿ ಗೊಬ್ಬರದ ರಂಜಕ ಹಾಗಲ್ಲ. ಅದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಹೆಚ್ಚಾಗಿ ಮಣ್ಣು ಕೊಚ್ಚಿ ಹೋದಾಗಲೇ ತಾನೂ ಹೋಗುತ್ತದೆ. ಕೀಟನಾಶಕಗಳಲ್ಲಿ ಎರಡೂ ಜಾತಿ ಇವೆ.

ಅಂದರೆ ಸಾರಜನಕ ತಡೆಯಬೇಕಾದರೆ ಗದ್ದೆಯ ನೀರು ಹೊರಗೆ ಹೋಗದಂತೆ ನೋಡಬೇಕು. ರಂಜಕ ತಡೆಯಬೇಕಾದರೆ ಮಣ್ಣು ಹಿಡಿಯಬೇಕು. ಈ ಎರಡೂ ನಿಂತ ನೀರಿನಲ್ಲಿ ಸೇರಿದಾಗ ಪಾಚಿ ಉಕ್ಕುತ್ತದೆ. ತುಂಗಭದ್ರಾ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿ ನೀವೂ ಓದಿರುತ್ತೀರಿ. ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಮುಗಿಯುತ್ತದೆ. ಮೀನು ತೇಲುತ್ತವೆ.

ಮೀನು ಹೋದರೆ ನೀರುನಾಯಿಯೂ ಹೋಗುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ನಮ್ಮ ಹಳ್ಳಗಳು ಕೊನೆಗೆ ಸೇರುವುದು ಇಂಥ ಹೊಳೆಗೆ.

ಹಳ್ಳದ ಗುಂಟ ನಡೆಯಿರಿ

ಮೊದಲ ಕೆಲಸ ಇದೇ. ಹಳ್ಳ ಹೊಳೆ ಸೇರುವ ಜಾಗದಿಂದ ಮೇಲಕ್ಕೆ ನಡೆದು ಬನ್ನಿ. ಜೊತೆಗೆ ಊರಿನ ಹಿರಿಯರೊಬ್ಬರು, ಕಾಲುವೆ ನೀರು ಬಿಡುವ ಸೌಡಿ, ಸಾಧ್ಯವಾದರೆ ಮೀನು ಹಿಡಿಯುವವರೊಬ್ಬರು ಇರಲಿ. ಹಳ್ಳದ ಆರೋಗ್ಯ ಮೀನುಗಾರರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಯಾವ ಮೀನು ಯಾವಾಗ ಕಾಣೆಯಾಯಿತು ಅಂತ ಕೇಳಿ, ಬರೆದುಕೊಳ್ಳಿ.

ಹಳ್ಳಕ್ಕೆ ನೀರು ಬಂದು ಬೀಳುವ ಪ್ರತಿಯೊಂದು ಬಾಯಿಯನ್ನೂ ಮೊಬೈಲಿನ ಮ್ಯಾಪ್‌ನಲ್ಲಿ ಗುರುತು ಮಾಡಿ, ಫೋಟೋ ತೆಗೆಯಿರಿ. ಬಸಿಗಾಲುವೆಯೋ, ಊರ ಚರಂಡಿಯೋ, ಮಿಲ್ಲಿನ ಪೈಪೋ ಎಂದು ಪಕ್ಕದಲ್ಲೇ ಬರೆಯಿರಿ. ದಂಡೆ ಕುಸಿದ ಜಾಗ, ತಿಪ್ಪೆ, ಔಷಧಿ ಬಾಟಲಿ ಬಿದ್ದ ಜಾಗ, ಟ್ರ್ಯಾಕ್ಟರ್ ಮತ್ತು ಔಷಧಿ ಹೊಡೆಯುವ ಪಂಪು ತೊಳೆಯುವ ಜಾಗ, ದನ ಇಳಿಯುವ ಜಾಗ, ಎಲ್ಲವೂ ಇರಲಿ.

ಈ ನಡಿಗೆಯನ್ನು ಎರಡು ಸಲ ಮಾಡಬೇಕು. ಬೇಸಿಗೆಯಲ್ಲಿ ಒಮ್ಮೆ. ಆಗ ಹರಿಯುತ್ತಿರುವುದು ಹೆಚ್ಚಾಗಿ ಚರಂಡಿ, ಮಿಲ್ಲಿನ ನೀರು. ನಾಟಿ ಮುಗಿದು ಗೊಬ್ಬರ ಬಿದ್ದ ಮೇಲೆ, ಆಗಸ್ಟ್ ಹೊತ್ತಿಗೆ ಇನ್ನೊಮ್ಮೆ. ಆಗ ಕಾಣುವುದು ಗದ್ದೆಯ ಪಾಲು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರ ಪಾಲು ಎಷ್ಟು ಅನ್ನುವ ಜಗಳ ಅರ್ಧ ಮುಗಿಯುತ್ತದೆ.

ನೀರು ಪರೀಕ್ಷೆ ಮಾಡಿಸಿ

ಅಳತೆ ಇಲ್ಲದೆ ಶುರು ಮಾಡಿದರೆ ಎರಡು ವರ್ಷದ ನಂತರ ಏನು ಬದಲಾಯಿತು ಎಂದು ಹೇಳಲು ಆಗುವುದಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಾ ಕಿಟ್ ಕೊಟ್ಟು, ಊರಿನ ಮಹಿಳೆಯರಿಗೆ ತರಬೇತಿಯನ್ನೂ ಕೊಡುತ್ತಾರೆ. ಪಂಚಾಯಿತಿಯಲ್ಲಿ ಕೇಳಿ. ಅದರಲ್ಲಿ ನೈಟ್ರೇಟ್ ಪರೀಕ್ಷೆ ಇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ್ದರೆ ಆ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಬೇಡಿ. ಕುದಿಸಿದರೆ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ.

ಹಳ್ಳದಲ್ಲಿ ಮೂರು ಕಡೆ ನೀರು ತೆಗೆಯಿರಿ. ಊರಿನ ಮೇಲ್ಭಾಗದಲ್ಲಿ ಒಂದು, ಮುಖ್ಯ ಬಸಿಗಾಲುವೆ ಸೇರಿದ ನಂತರ ಒಂದು, ಹೊಳೆಗೆ ಸೇರುವ ಮುಂಚೆ ಒಂದು. ಪ್ರತಿ ಸಲವೂ ಅದೇ ಜಾಗ, ಹೆಚ್ಚುಕಡಿಮೆ ಅದೇ ಹೊತ್ತು. ಬಾಟಲಿಯನ್ನು ಹಳ್ಳದ ನೀರಿನಲ್ಲೇ ಮೂರು ಸಲ ತೊಳೆದು, ಹರಿವಿನ ನಡುವೆ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಅದ್ದಿ ತುಂಬಿಸಿ. ದಿನಾಂಕ, ಸಮಯ, ಜಾಗ ಬರೆದು ಅಂಟಿಸಿ. ಲ್ಯಾಬಿಗೆ ಕಳಿಸುವುದಾದರೆ ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ.

ಲ್ಯಾಬಿನ ವರದಿಯಲ್ಲಿ ಎರಡು ಅಂಕಿ ಮುಖ್ಯ. ಒಂದು, ಕರಗಿದ ಆಮ್ಲಜನಕ. ಇನ್ನೊಂದು ಬಿಓಡಿ, ಅಂದರೆ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಓಡಿ 3 ಮೀರಬಾರದು. ಇದೇ 3ರ ಗೆರೆ ಹಿಡಿದು ಮಂಡಳಿ 2018ರಲ್ಲಿ ದೇಶದಲ್ಲಿ 351 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿತು. ಕರ್ನಾಟಕದ್ದು 17. ತುಂಗಭದ್ರೆಯೂ ಆ ಪಟ್ಟಿಯಲ್ಲಿದೆ.

ಆದರೆ ಬಿಓಡಿ ಹೆಚ್ಚಾಗಿ ಚರಂಡಿ, ಕಾರ್ಖಾನೆಯ ಕೊಳೆ ತೋರಿಸುತ್ತದೆ. ಯೂರಿಯಾ, ಕಳೆನಾಶಕ ಅದರಲ್ಲಿ ಕಾಣುವುದಿಲ್ಲ. ಬಿಓಡಿ ಚೆನ್ನಾಗಿದೆ ಅಂತ ನೀರು ಚೆನ್ನಾಗಿದೆ ಅಂದುಕೊಳ್ಳಬೇಡಿ. ನೈಟ್ರೇಟ್, ಫಾಸ್ಫೇಟ್ ಕೇಳಿಯೇ ಮಾಡಿಸಿ. ಕೀಟನಾಶಕದ ಪರೀಕ್ಷೆ ದುಬಾರಿ. ಅದನ್ನು ಔಷಧಿ ಜಾಸ್ತಿ ಹೊಡೆಯುವ ವಾರದಲ್ಲಿ ವರ್ಷಕ್ಕೆ ಒಮ್ಮೆ ಮಾಡಿಸಿದರೂ ಸಾಕು. ಅದಕ್ಕೆ ಪ್ಲಾಸ್ಟಿಕ್ ಬೇಡ, ಕಂದು ಗಾಜಿನ ಬಾಟಲಿ ಬೇಕು.

ಗೊಬ್ಬರದ ಲೆಕ್ಕ

45 ಕೆಜಿ ಯೂರಿಯಾ ಚೀಲಕ್ಕೆ 266 ರೂಪಾಯಿ ಚಿಲ್ಲರೆ. ಇಷ್ಟು ಅಗ್ಗ ಇರುವಾಗ ಒಂದು ಚೀಲ ಜಾಸ್ತಿ ಹಾಕಿದರೆ ನಷ್ಟವೇನು ಎಂದು ಅನ್ನಿಸುವುದು ಸಹಜ. ಪಕ್ಕದ ಗದ್ದೆ ಕಪ್ಪು ಹಸಿರಾಗಿ ಕಂಡರೆ ನಮ್ಮ ಕೈಯೂ ಚೀಲದ ಕಡೆ ಹೋಗುತ್ತದೆ. ನಷ್ಟ ಇದೆ. ಸಾರಜನಕ ಹೆಚ್ಚಾದ ಭತ್ತದ ಕಾಂಡ ಮೆದುವಾಗುತ್ತದೆ, ಗಾಳಿಗೆ ಮಲಗುತ್ತದೆ. ಕಂದು ಜಿಗಿಹುಳು, ಬೆಂಕಿರೋಗ ಹುಡುಕಿಕೊಂಡು ಬರುತ್ತವೆ. ಆಮೇಲೆ ಎರಡು ಮೂರು ಸಲ ಎಣ್ಣೆ, ಅಂದರೆ ಔಷಧಿ, ಹೊಡೆಯಬೇಕು. ಖರ್ಚು ಅಲ್ಲಿ ಬರುತ್ತದೆ. ಹೊಳೆಗೆ ಗೊಬ್ಬರದ ಜೊತೆ ಔಷಧಿಯೂ ಸೇರುತ್ತದೆ.

ಮೊದಲು ಮಣ್ಣು ಪರೀಕ್ಷೆ. ಬೆಳೆ ಕಟಾವಾದ ಮೇಲೆ, ಗೊಬ್ಬರ ಹಾಕುವ ಮುಂಚೆ ಮಣ್ಣು ತೆಗೆಯಿರಿ. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು 10-15 ಕಡೆ, 15 ಸೆಂಟಿಮೀಟರ್ ಆಳಕ್ಕೆ ‘ವಿ’ ಆಕಾರದ ಗುಂಡಿ ತೋಡಿ. ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆತ್ತಿ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದು ಹಾಕಿ. ಅರ್ಧ ಕೆಜಿ ಉಳಿಯುವವರೆಗೂ ಹೀಗೇ ಮಾಡಿ. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಮರದ ಬುಡ ಬೇಡ. ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟರೆ ಮಣ್ಣು ಆರೋಗ್ಯ ಕಾರ್ಡ್ ಸಿಗುತ್ತದೆ.

ಕಾರ್ಡ್ ಸಿಕ್ಕ ಮೇಲೆ ಅದನ್ನು ಚೀಲದ ಲೆಕ್ಕಕ್ಕೆ ತರಬೇಕು. ಬಹಳ ಜನ ಎಡವುವುದು ಇಲ್ಲೇ. ಎಕರೆಗೆ 60 ಕೆಜಿ ಸಾರಜನಕ, 30 ಕೆಜಿ ರಂಜಕ, 30 ಕೆಜಿ ಪೊಟ್ಯಾಷ್ ಬೇಕು ಎಂದು ಇಟ್ಟುಕೊಳ್ಳೋಣ. ನಿಮ್ಮ ಕಾರ್ಡಿನಲ್ಲಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಡಿಎಪಿಯಲ್ಲಿ ಶೇಕಡ 46 ರಂಜಕ, ಶೇಕಡ 18 ಸಾರಜನಕ. 65 ಕೆಜಿ ಡಿಎಪಿ ಹಾಕಿದರೆ 30 ಕೆಜಿ ರಂಜಕ ಬಂತು, ಜೊತೆಗೆ ಸುಮಾರು 12 ಕೆಜಿ ಸಾರಜನಕವೂ ಬಂತು. ಈ 12 ಕೆಜಿಯನ್ನು ಲೆಕ್ಕದಿಂದ ಕಳೆಯಲು ಮರೆಯುವವರೇ ಜಾಸ್ತಿ. ಉಳಿದದ್ದು 48 ಕೆಜಿ. ಯೂರಿಯಾದಲ್ಲಿ ಶೇಕಡ 46 ಸಾರಜನಕ. ಹಾಗಾಗಿ ಸುಮಾರು 105 ಕೆಜಿ ಸಾಕು. ಅಂದರೆ ಎರಡೂಕಾಲು ಚೀಲಕ್ಕಿಂತ ತುಸು ಜಾಸ್ತಿ. 30 ಕೆಜಿ ಪೊಟ್ಯಾಷ್‌ಗೆ, ಶೇಕಡ 60 ಪೊಟ್ಯಾಷ್ ಇರುವ ಎಂಓಪಿ ಗೊಬ್ಬರ 50 ಕೆಜಿ. ನೀವು ನಾಲ್ಕೈದು ಚೀಲ ಯೂರಿಯಾ ಹಾಕುತ್ತಿದ್ದರೆ ಹೆಚ್ಚಿನದ್ದು ಎಲ್ಲಿಗೆ ಹೋಗುತ್ತಿದೆ ಎಂದು ಈ ಲೆಕ್ಕವೇ ಹೇಳುತ್ತದೆ.

ಯೂರಿಯಾವನ್ನು ಒಂದೇ ಸಲ ಹಾಕಬೇಡಿ. ನಾಟಿ ಹೊತ್ತಿಗೆ, ತೆಂಡೆ ಒಡೆಯುವಾಗ, ತೆನೆ ಮೂಡುವಾಗ ಎಂದು ಮೂರು ಕಂತು ಮಾಡಿ. ಎರಡನೇ ಕಂತಿನಿಂದ ಎಲೆ ಬಣ್ಣದ ಪಟ್ಟಿ ಬಳಸಿ. ಇದು ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಪಟ್ಟೆಗಳಿರುವ ಪ್ಲಾಸ್ಟಿಕ್ ಕಾರ್ಡ್. ನಾಟಿಯಾದ ಎರಡು ಮೂರು ವಾರದ ನಂತರ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬೆಳಿಗ್ಗೆ ಗದ್ದೆಗೆ ಹೋಗಿ. ಬೇರೆ ಬೇರೆ ಹತ್ತು ಬುಡಗಳಲ್ಲಿ, ಪೂರ್ತಿ ಬಿಚ್ಚಿಕೊಂಡ ಹೊಸ ಎಲೆಯ ನಡುಭಾಗವನ್ನು ಪಟ್ಟಿಗೆ ಹಿಡಿದು ನೋಡಿ. ನಿಮ್ಮ ಮೈಯ ನೆರಳು ಎಲೆ ಮೇಲೆ ಇರಲಿ, ಬಿಸಿಲು ಬೀಳಬಾರದು. ಹತ್ತರಲ್ಲಿ ಆರು ಎಲೆ ನಿಗದಿ ಬಣ್ಣಕ್ಕಿಂತ ತಿಳಿಯಾಗಿದ್ದರೆ ಎಕರೆಗೆ 25ರಿಂದ 30 ಕೆಜಿ ಯೂರಿಯಾ ಹಾಕಿ. ಇಲ್ಲದಿದ್ದರೆ ಹಾಕಬೇಡಿ, ಮುಂದಿನ ವಾರ ನೋಡಿ. ನಿಗದಿ ಬಣ್ಣ ಕಾರ್ಡಿನ 3 ಅಥವಾ 4ನೇ ಪಟ್ಟೆ, ಅದು ತಳಿ ಮತ್ತು ಬಿತ್ತನೆ ಮೇಲೆ ಹೋಗುತ್ತದೆ. ನಿಮ್ಮ ತಳಿಗೆ ಯಾವುದು ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಮಳೆ ಬರುವ ಸೂಚನೆ ಇದ್ದರೆ ಆ ದಿನ ಗೊಬ್ಬರ ಎರಚಬೇಡಿ. ಮುಂದಿನ ಎರಡು ಮೂರು ದಿನದ ಹವಾಮಾನ ಮೊಬೈಲಿನಲ್ಲೇ ಸಿಗುತ್ತದೆ ಅಲ್ವಾ? ನೋಡಿಯೇ ಚೀಲ ಬಿಚ್ಚಿ.

ಹಸಿರೆಲೆ ಗೊಬ್ಬರಕ್ಕೂ ಜಾಗ ಕೊಡಿ. ಕಾಲುವೆಗೆ ನೀರು ಬರುವ ಮುಂಚೆ ಮಳೆಗೆ ಸೆಣಬು ಅಥವಾ ಡಯಾಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಯೂರಿಯಾ ಇನ್ನೂ ಕಡಿಮೆ ಸಾಕು. ಸವಳು (ಉಪ್ಪು) ಬಂದ ನೆಲಕ್ಕೆ ಡಯಾಂಚ ಒಳ್ಳೆಯದು.

ಮಡಿಯ ನೀರು ಮಡಿಯಲ್ಲೇ ನಿಲ್ಲಲಿ

ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ದುಡ್ಡು ಬೇಕಿಲ್ಲ, ಸರ್ಕಾರದ ಯೋಜನೆ ಬೇಕಿಲ್ಲ. ಫಲ ಅದೇ ಬೆಳೆಯಲ್ಲಿ ಸಿಗುತ್ತದೆ.

ನಮ್ಮಲ್ಲಿ ಮಡಿಯಿಂದ ಮಡಿಗೆ ನೀರು ಸದಾ ಹರಿಯುತ್ತಿರುತ್ತದೆ. ಕಾಲುವೆಯಲ್ಲಿ ನೀರಿದೆ, ಹರಿಯಲಿ ಬಿಡು ಅನ್ನುವ ರೂಢಿ. ಗೊಬ್ಬರ ಎರಚಿದ ದಿನವೂ ಕೆಳಗಿನ ಬಾಯಿ ತೆರೆದೇ ಇರುತ್ತದೆ. ಯೂರಿಯಾ ಎರಚಿದ ಮೊದಲ ಕೆಲವು ದಿನ ಗದ್ದೆಯ ನೀರಿನಲ್ಲಿ ಸಾರಜನಕ ಅತಿ ಹೆಚ್ಚು ಇರುತ್ತದೆ. ಆ ದಿನಗಳಲ್ಲಿ ಹೊರಗೆ ಹೋದ ನೀರು ನಿಮ್ಮ ದುಡ್ಡನ್ನೇ ಒಯ್ಯುತ್ತದೆ.

ಮಾಡಬೇಕಾದದ್ದು ಹೀಗೆ. ನಾಟಿಗೆ ಮುಂಚೆ ಬದುಗಳನ್ನು ಕೆಸರು ಮೆತ್ತಿ ಗಟ್ಟಿ ಮಾಡಿ, ಏಡಿ ಮತ್ತು ಇಲಿ ಬಿಲ ಮುಚ್ಚಿ. ಮಳೆ ನೀರು ಹಿಡಿಯಲು ನಿಂತ ನೀರಿಗಿಂತ ಒಂದು ಗೇಣು ಎತ್ತರ ಬದು ಇರಲಿ. ಕೊನೆಯ ಮಡಿಯ ಬಾಯಿಗೆ ಹಲಗೆ ಅಥವಾ ಮಣ್ಣು ತುಂಬಿದ ಚೀಲ ಇಡಿ, ತೆಗೆದು ಹಾಕಲು ಬರುವಂತೆ. ಕೆಸರು ಮಾಡಿ ಸಮ ಮಾಡಿದ ಮೇಲೆ ಕನಿಷ್ಠ ಒಂದು ದಿನ ಕೆಸರು ಕೂರಲು ಬಿಡಿ. ಕೆಂಪಗೆ, ಕಪ್ಪಗೆ ಕದಡಿದ ನೀರನ್ನು ಹೊರಗೆ ಬಿಟ್ಟರೆ ರಂಜಕ ತುಂಬಿದ ಮಣ್ಣೇ ಹೊರಗೆ ಹೋಗುತ್ತದೆ. ಹೊಳೆಗೆ ಹೂಳು ಹೋಗುವ ದೊಡ್ಡ ದಾರಿಗಳಲ್ಲಿ ಇದೂ ಒಂದು.

ಗೊಬ್ಬರ ಎರಚುವ ಮುಂಚೆ ನೀರು ತೆಳ್ಳಗೆ ಮಾಡಿ, ಹಾಕಿ, ಬಾಯಿ ಮುಚ್ಚಿ. ಐದಾರು ದಿನ ಹೊರಗೆ ಬಿಡಬೇಡಿ. ಕಳೆನಾಶಕ ಹಾಕಿದರೆ ಕನಿಷ್ಠ ಒಂದು ವಾರ. ನಾಟಿಯಾದ ಮೂರರಿಂದ ಐದು ದಿನದೊಳಗೆ ಮರಳಿನ ಜೊತೆ ಎರಚುವ ಬ್ಯುಟಾಕ್ಲೋರ್, ಪ್ರೆಟಿಲಾಕ್ಲೋರ್‌ಗೆ ಈ ನಿಯಮ ಬಹಳ ಮುಖ್ಯ. ನೀರು ನಿಂತರೆ ಕಳೆಯೂ ಚೆನ್ನಾಗಿ ಸಾಯುತ್ತದೆ. ಕಳೆ ಬಂದ ಮೇಲೆ ಹೊಡೆಯುವ ಔಷಧಿಗೆ ಗದ್ದೆ ಬಸಿಯಬೇಕಾಗುತ್ತದೆ. ಆಗ ಮೊದಲು ಬಸಿದು, ಬಾಯಿ ಮುಚ್ಚಿ, ನಂತರ ಹೊಡೆಯಿರಿ. ಹೊಡೆದ ಮೇಲೆ ಬಸಿಯುವಂತೆ ಆಗಲೇಬಾರದು. ಈ ಕ್ರಮ ಅದಲು ಬದಲಾದರೆ ಹಳ್ಳದ ಮೀನಿಗೆ ಪ್ರಾಣಸಂಕಟ.

ಇನ್ನು ನೀರನ್ನು ಕಟ್ಟಿ ಬಿಡುವ ವಿಧಾನ. 30 ಸೆಂಟಿಮೀಟರ್ ಉದ್ದದ, ಅಂಗೈ ಅಗಲದ ಪಿವಿಸಿ ಪೈಪ್ ತೆಗೆದುಕೊಳ್ಳಿ. ಕೆಳಗಿನ ಅರ್ಧಕ್ಕೆ ಸುತ್ತಲೂ ಸಣ್ಣ ತೂತು ಕೊರೆಯಿರಿ. ಆ ಅರ್ಧವನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆಯಿರಿ. ಈಗ ಮಣ್ಣಿನೊಳಗಿನ ನೀರಿನ ಮಟ್ಟ ಪೈಪಿನೊಳಗೆ ಕಾಣುತ್ತದೆ. ನಾಟಿಯಾದ ಎರಡು ಮೂರು ವಾರದ ನಂತರ ನೀರು ನಿಲ್ಲಿಸಿ. ಪೈಪಿನಲ್ಲಿ ನೀರು ಮಣ್ಣಿಗಿಂತ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ 5 ಸೆಂಟಿಮೀಟರ್ ನೀರು ಕಟ್ಟಿ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಒಣಗಲು ಬಿಡಬೇಡಿ. ಗದ್ದೆಯಲ್ಲಿ ಮಳೆ ಹಿಡಿಯಲು ಜಾಗ ಇರುತ್ತದೆ, ಹೊರಗೆ ಹರಿಯುವುದು ಕಡಿಮೆಯಾಗುತ್ತದೆ.

ಇದು ಎಲ್ಲ ಹೊಲಕ್ಕೂ ಹೊಂದುವುದಿಲ್ಲ. ಎರೆ ಭೂಮಿ ಬೇಗ ಬಿರುಕು ಬಿಡುತ್ತದೆ. ದೊಡ್ಡ ಬಿರುಕು ಬಂದರೆ ಮುಂದೆ ಹಾಕುವ ನೀರು, ಗೊಬ್ಬರ ಎರಡೂ ಸೀದಾ ಕೆಳಗೆ ಹೋಗುತ್ತವೆ. ಹಾಗಾಗಿ ಎರೆಯಲ್ಲಿ ಕೂದಲೆಳೆ ಬಿರುಕು ಕಾಣುತ್ತಲೇ ನೀರು ಕಟ್ಟಿ. ಸವಳು ನೆಲದಲ್ಲಿ ಒಣಗಿಸಿದರೆ ಉಪ್ಪು ಮೇಲೆ ಬರುತ್ತದೆ, ಅಲ್ಲಿ ಬೇಡ. ಸವಳಿನ ಬಗ್ಗೆ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ಬಹಳ ವರ್ಷಗಳಿಂದ ಕೆಲಸ ಮಾಡಿದ್ದಾರೆ, ಅವರನ್ನು ಕೇಳಿ. ಇನ್ನು ಕೊನೆಭಾಗದವರು. ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲದವರಿಗೆ ‘ನೀರು ಒಣಗಿಸಿ’ ಅನ್ನುವುದು ನ್ಯಾಯವಲ್ಲ. ಮೇಲ್ಭಾಗದವರು ಮೊದಲು ಶುರು ಮಾಡಬೇಕು. ಅವರು ಉಳಿಸಿದ ನೀರೇ ಕೊನೆಭಾಗಕ್ಕೆ ತಲುಪುವುದು.

ನಾಟಿ ಬಿಟ್ಟು ಕೂರಿಗೆಯಿಂದ ನೇರ ಬಿತ್ತುವವರೂ ಸಿಂಧನೂರು, ಮಾನ್ವಿ ಕಡೆ ಇದ್ದಾರೆ. ಕೆಸರು ಮಾಡುವುದೇ ಇಲ್ಲವಾದ್ದರಿಂದ ಕದಡಿದ ನೀರು ಹೊರಬೀಳುವುದಿಲ್ಲ. ಆದರೆ ಕಳೆ ಜಾಸ್ತಿ. ಕಳೆನಾಶಕ ಎರಡು ಪಟ್ಟು ಮಾಡಿದರೆ ಉಪಯೋಗವಿಲ್ಲ.

ಎಣ್ಣೆ ಹೊಡೆಯುವಾಗ

ಗದ್ದೆಯಿಂದ ಬಸಿಯುವ ಔಷಧಿಗಿಂತ ಕಾಲುವೆ ದಂಡೆಯಲ್ಲಿ ಚೆಲ್ಲುವ ಔಷಧಿ ಅಪಾಯಕಾರಿ. ನೀರು ಹತ್ತಿರ ಎಂದು ಅಲ್ಲೇ ಔಷಧಿ ಕಲಸುತ್ತೇವೆ. ಪಂಪನ್ನು ಕಾಲುವೆಯಲ್ಲೇ ತೊಳೆಯುತ್ತೇವೆ. ಖಾಲಿ ಬಾಟಲಿ ಅಲ್ಲೇ ಬೀಳುತ್ತದೆ. ಗದ್ದೆಯಲ್ಲಿ ಹರಡಿದಾಗ ಅದು ತೆಳುವಾಗಿರುತ್ತದೆ, ಬಾಟಲಿಯ ತಳದಲ್ಲಿ ಅಪ್ಪಟವಾಗಿರುತ್ತದೆ. ಇದನ್ನು ನಾಳೆಯಿಂದಲೇ ನಿಲ್ಲಿಸಬಹುದು.

ಕಾಲುವೆ, ಹಳ್ಳ, ಬಾವಿಯಿಂದ 20-30 ಮೀಟರ್ ದೂರದಲ್ಲಿ ಡ್ರಮ್ಮಿನಲ್ಲಿ ನೀರು ಇಟ್ಟುಕೊಂಡು ಕಲಸಿ. ಬಾಟಲಿ ಖಾಲಿಯಾದಾಗ ಕಾಲು ಭಾಗ ನೀರು ಹಾಕಿ, ಮುಚ್ಚಳ ಹಾಕಿ, ಅರ್ಧ ನಿಮಿಷ ಕುಲುಕಿ, ಆ ನೀರನ್ನೂ ಪಂಪಿಗೇ ಸುರಿಯಿರಿ. ಮೂರು ಸಲ. ನಂತರ ಬಾಟಲಿಗೆ ತೂತು ಹೊಡೆಯಿರಿ, ಯಾರೂ ಮತ್ತೆ ಬಳಸಬಾರದು. ಸುಡಬೇಡಿ, ಹೂಳಬೇಡಿ. ಊರಿಗೊಂದು ಬೀಗ ಹಾಕುವ ಡ್ರಮ್ ಇಟ್ಟು ಅದರಲ್ಲಿ ಕೂಡಿಸಿ. ಔಷಧಿ ಅಂಗಡಿಯವರು, ಪಂಚಾಯಿತಿ, ಕೃಷಿ ಇಲಾಖೆ ಮೂವರನ್ನೂ ಕೂರಿಸಿ ಅದನ್ನು ಯಾರು ಒಯ್ಯಬೇಕೆಂದು ತೀರ್ಮಾನಿಸಿ. ಪಂಪು ತೊಳೆದ ನೀರನ್ನು ಅದೇ ಹೊಲದ ಬೆಳೆಯ ಮೇಲೆ ಸಿಂಪಡಿಸಿ.

ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಮೀನಿಗೆ ಮಾರಕ ಇರಬಹುದು, ಒಳಗಿನ ಚೀಟಿ ಓದಿ. ಎಂಡೋಸಲ್ಫಾನ್ 2011ರಲ್ಲೇ ನಿಷೇಧವಾಗಿದೆ. ಭತ್ತಕ್ಕೆ ಬಹಳ ಬಳಸುತ್ತಿದ್ದ ಫೋರೇಟ್ ಹರಳು, ಟ್ರಯಜೋಫಾಸ್ 2020ರ ಡಿಸೆಂಬರ್ 31ರಿಂದ ನಿಷೇಧ. ಹಳೆಯ ಸ್ಟಾಕ್ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಔಷಧಿ ಕಡಿಮೆ ಮಾಡುವ ದಾರಿ ಹುಳ ಎಣಿಸುವುದು. ಪಕ್ಕದವರು ಹೊಡೆದರು ಅಂತ ಸುಮ್ನೆ ಹೊಡೆಯಬೇಡಿ. ಕಂದು ಜಿಗಿಹುಳುವಿಗೆ ಬುಡ ಬಗ್ಗಿಸಿ ನೋಡಿ. ಬುಡಕ್ಕೆ ಹತ್ತಕ್ಕಿಂತ ಕಡಿಮೆ ಇದ್ದು ಜೇಡಗಳೂ ಇದ್ದರೆ ಕಾಯಿರಿ. ಜೇಡವೇ ಆ ಕೆಲಸ ಮಾಡುತ್ತದೆ. ಪೈರೆಥ್ರಾಯ್ಡ್ ಗುಂಪಿನ ಔಷಧಿ ಹೊಡೆದರೆ ಜೇಡ ಸತ್ತು ಜಿಗಿಹುಳು ಇನ್ನೂ ಹೆಚ್ಚುತ್ತದೆ. ನಾಟಿ ಮಾಡುವಾಗಲೇ ಎರಡು ಮೀಟರಿಗೊಂದರಂತೆ ಒಂದು ಅಡಿ ಅಗಲದ ಗಾಳಿ ದಾರಿ ಬಿಟ್ಟರೆ ಹುಳ ಏಳುವುದೇ ಕಡಿಮೆ.

ಹಳ್ಳದ ದಂಡೆಗೆ ಹಸಿರು ಪಟ್ಟಿ

ಎಷ್ಟೇ ಹುಷಾರಾಗಿದ್ದರೂ ದೊಡ್ಡ ಮಳೆಗೆ ನೀರು ಬದು ದಾಟುತ್ತದೆ. ಅದನ್ನು ಹಿಡಿಯಲು ಹಳ್ಳದ ಎರಡೂ ಬದಿ ಗಿಡ, ಹುಲ್ಲು ಬೇಕು. ಸಮತಟ್ಟು ನೆಲದಲ್ಲಿ 5 ಮೀಟರ್ ಇದ್ದರೂ ಉಪಯೋಗ ಇದೆ, 10 ಇದ್ದರೆ ಒಳ್ಳೆಯದು.

ಹೊಲದ ಅಂಚಿಗೆ ಒತ್ತಾಗಿ ಬೆಳೆಯುವ ಹುಲ್ಲು ಇರಲಿ. ಲಾವಂಚ ಮಣ್ಣು ಹಿಡಿಯಲು ಚೆನ್ನ, ನೇಪಿಯರ್ ಹುಲ್ಲು ದನಕ್ಕೂ ಆಗುತ್ತದೆ. ಅದರ ಆಚೆ ಹೊಂಗೆ, ಬಿದಿರು. ನೀರಿನ ಅಂಚಿಗೆ ಹೊಳೆಮತ್ತಿ, ಅತ್ತಿ, ನೇರಳೆ. ಬಳ್ಳಾರಿ ಜಾಲಿ ತೆಗೆಯುವಾಗ ದಂಡೆಯನ್ನು ಒಂದೇ ಸಲ ಬೋಳು ಮಾಡಬೇಡಿ. ಸ್ವಲ್ಪ ಸ್ವಲ್ಪ ತೆಗೆದು, ತೆಗೆದಲ್ಲಿ ನೆಡುತ್ತಾ ಹೋಗಿ.

ಬಹಳ ಕಡೆ ಹಸಿರು ಪಟ್ಟಿ ಚೆನ್ನಾಗಿರುತ್ತದೆ, ಆದರೆ ಬಸಿಗಾಲುವೆ ಅದರ ನಡುವೆ ಸೀದಾ ಹಳ್ಳಕ್ಕೆ ಹೋಗುತ್ತದೆ. ಆಗ ಹುಲ್ಲಿಗೆ ನೀರೇ ಸಿಗುವುದಿಲ್ಲ. ನೀರು ಹುಲ್ಲಿನ ನಡುವೆ ತೆಳ್ಳಗೆ ಹರಡಿ ಹೋಗಬೇಕು. ಬಸಿಗಾಲುವೆಯ ಬಾಯಿಯನ್ನು ಪಟ್ಟಿಗೆ ಮುಂಚೆಯೇ ನಿಲ್ಲಿಸಿ, ಅಡ್ಡಕ್ಕೆ ಕಲ್ಲಿನ ಸಾಲು ಇಟ್ಟು ನೀರು ಹರಡಿ.

ಜಾಗ ಎಲ್ಲಿದೆ ಎಂದು ಕೇಳುತ್ತೀರಿ. ಹಳ್ಳ ಸಾಮಾನ್ಯವಾಗಿ ಕಂದಾಯ ದಾಖಲೆಯಲ್ಲಿ ಬಿ ಖರಾಬು, ಅಂದರೆ ಸಾಗುವಳಿಗಲ್ಲದ ಸಾರ್ವಜನಿಕ ಜಾಗ. ಎಷ್ಟೋ ಕಡೆ ಅದರ ಅರ್ಧ ಗದ್ದೆಯಾಗಿದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ. ಇದು ನೆಂಟಸ್ತನ ಕೆಡಿಸುವ ಕೆಲಸ, ಗೊತ್ತು. ಅದಕ್ಕೇ ಇದನ್ನು ಮೊದಲು ಮಾಡಬೇಡಿ. ಒಂದೆರಡು ಬೆಳೆ ಜೊತೆಯಾಗಿ ಕೆಲಸ ಮಾಡಿ, ನಂಬಿಕೆ ಬೆಳೆದ ಮೇಲೆ ಮಾಡಿ.

ಬಸಿಗಾಲುವೆ ಹಳ್ಳ ಸೇರುವಲ್ಲಿ ಒಂದು ಜೌಗು

ಕರಗಿದ ನೈಟ್ರೇಟ್ ಹುಲ್ಲಿಗೆ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಗಾಳಿಯಾಡದ ಕೆಸರು ಬೇಕು. ಅಂಥ ಕೆಸರಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಸಾರಜನಕದ ಗಾಳಿಯಾಗಿ ಬಿಡುತ್ತವೆ. ಮುಖ್ಯ ಬಸಿಗಾಲುವೆಯ ಕೊನೆಯಲ್ಲಿ ಮೊದಲು ಒಂದು ಆಳದ ಹೂಳು ಗುಂಡಿ ತೋಡಿ. ಅದರ ಮುಂದೆ ಮೊಣಕಾಲುದ್ದ ನೀರು ನಿಲ್ಲುವ ಅಗಲವಾದ ಜಾಗ ಮಾಡಿ, ಆಪು, ಜಂಬು ಹುಲ್ಲು ಬೆಳೆಯಲು ಬಿಡಿ. ನೀರು ಒಳಗೆ ಬಂದ ಬಾಯಿಯಿಂದ ದೂರದ ಮೂಲೆಯಲ್ಲಿ ಹೊರಗೆ ಹೋಗಲಿ, ನಿಧಾನವಾಗಿ.

ಪ್ರತಿ ಬೇಸಿಗೆಯಲ್ಲಿ ಗುಂಡಿಯ ಹೂಳು ತೆಗೆದು ಹೊಲಕ್ಕೆ ಹಾಕಿ, ನಿಮ್ಮ ರಂಜಕ ನಿಮಗೇ ಬರುತ್ತದೆ. ಆಪನ್ನೂ ವರ್ಷಕ್ಕೊಮ್ಮೆ ಕೊಯ್ದು ದಂಡೆಯಿಂದ ದೂರ ಒಯ್ಯಿರಿ. ಕೊಯ್ಯದೆ ಬಿಟ್ಟರೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಬಿಡುತ್ತದೆ. ಈ ನೀರನ್ನು ಪಂಪು ಹಚ್ಚಿ ಗದ್ದೆಗೆ ಮತ್ತೆ ಬಳಸಬಹುದು. ಮೊದಲು ಉಪ್ಪಿನಂಶ ಅಳೆಸಿ. ವಿದ್ಯುತ್ ವಾಹಕತೆ ಮೀಟರಿಗೆ 2 ಡೆಸಿಸೀಮೆನ್ಸ್ ದಾಟಿದರೆ ಭತ್ತಕ್ಕೆ ಹುಷಾರು.

ತಿಪ್ಪೆ, ಕೋಳಿ ಗೊಬ್ಬರ

ಹಳ್ಳದ ದಂಡೆಯಲ್ಲಿ ತಿಪ್ಪೆ ಬೇಡ. ಕೋಳಿ ಗೊಬ್ಬರ ತರಿಸಿದವರು ಮಳೆಗೆ ಮುಂಚೆ ತಾಡಪಾಲು ಹೊದಿಸಿ, ಸುತ್ತ ಸಣ್ಣ ಬದು ಹಾಕಿ. ದನಕ್ಕೆ ಹಳ್ಳದ ಬದಲು ದಂಡೆ ಮೇಲೆ ತೊಟ್ಟಿ ಕಟ್ಟಿಸಿದರೆ ದಂಡೆ ಕುಸಿಯುವುದೂ ನಿಲ್ಲುತ್ತದೆ.

ಮಿಲ್ಲು ಮತ್ತು ಊರ ಚರಂಡಿ

ಎಲ್ಲ ತಪ್ಪೂ ರೈತರದ್ದೇ ಎಂದು ಹೇಳುವುದು ಅನ್ಯಾಯ. ಪಟ್ಟಣಗಳ ಕೊಳಚೆ ನೀರು, ಕುಸುಬಲಕ್ಕಿ ಮಿಲ್ಲುಗಳ ನೀರು ಹಳ್ಳಕ್ಕೆ ಬೀಳುತ್ತಿದ್ದರೆ ಗದ್ದೆಯಲ್ಲಿ ಮಾಡಿದ್ದು ಕಾಣುವುದೇ ಇಲ್ಲ. ಭತ್ತ ನೆನೆಹಾಕಿ ಬೇಯಿಸಿದ ನೀರಿನಲ್ಲಿ ಬಿಓಡಿ ತುಂಬಾ ಜಾಸ್ತಿ. ಅದನ್ನು ಶುದ್ಧ ಮಾಡದೆ ಬಿಡುವಂತಿಲ್ಲ. ಹೊಳೆ, ಹಳ್ಳಕ್ಕೆ ಬಿಡುವ ನೀರಿನ ಬಿಓಡಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ.

ದೂರು ಕೊಡುವುದಾದರೆ ಜಲ ಕಾಯ್ದೆ, 1974ರ ಅಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಗೆ ಬರೆದು ಕೊಡಿ. ಬಾಯಿ ಮಾತು ನಿಲ್ಲುವುದಿಲ್ಲ. ದಿನಾಂಕ, ಜಾಗ ಕಾಣುವ ಫೋಟೋ, ಪೈಪಿನ ಮೇಲ್ಭಾಗ ಮತ್ತು ಕೆಳಭಾಗದ ನೀರಿನ ವರದಿ ಲಗತ್ತಿಸಿ. ಪ್ರತಿಯನ್ನು ಜಿಲ್ಲಾಧಿಕಾರಿಗೂ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಘಟಕಕ್ಕೆ ಮಂಡಳಿ ಕೊಟ್ಟ ಸಮ್ಮತಿ ಪತ್ರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಎಷ್ಟು ನೀರು, ಎಲ್ಲಿಗೆ ಬಿಡಬೇಕು ಎಂದು ಅದರಲ್ಲೇ ಬರೆದಿರುತ್ತದೆ.

ಜನರನ್ನು ಸೇರಿಸುವುದು

2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ, ಹಿರೇಹಳ್ಳದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೂ ಜನ ಸೇರಿ ಹೂಳು, ಗಿಡಗಂಟಿ ತೆಗೆದರು. ಹಿರೇಹಳ್ಳ ಸೇರುವುದು ತುಂಗಭದ್ರೆಗೇ. ನಮ್ಮ ಜನ ಹಳ್ಳಕ್ಕಾಗಿ ಬರುತ್ತಾರೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಹೂಳು ತೆಗೆಯುವುದು ಕೆಲವು ವಾರದ ಕೆಲಸ. ಗದ್ದೆಯ ಬಾಯಿ ಮುಚ್ಚುವುದು ಪ್ರತಿ ಬೆಳೆಯ ಕೆಲಸ. ಅದಕ್ಕೆ ಒಂದು ಸಂಘ ಬೇಕು.

ಹೊಸದು ಕಟ್ಟಬೇಕಿಲ್ಲ. ನೀರು ಬಳಕೆದಾರರ ಸಹಕಾರ ಸಂಘ ನಿಮ್ಮಲ್ಲೂ ಇರಬಹುದು. ಅದು ಮಲಗಿದ್ದರೆ ಎಬ್ಬಿಸಿ. ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ವಿಚಾರಿಸಿ. ಕಾಲುವೆಗೆ ನೀರು ಬಿಡುವ ದಿನಾಂಕ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ಗೊತ್ತಾದ ಕೂಡಲೇ ಸಂಘ ಸೇರಿ ಮೂರು ಮಾತು ಒಪ್ಪಿಕೊಳ್ಳಲಿ: ಗೊಬ್ಬರ ಹಾಕಿದ ವಾರ ಯಾರೂ ಬಾಯಿ ತೆರೆಯಬಾರದು, ಕಾಲುವೆಯಲ್ಲಿ ಪಂಪು ತೊಳೆಯಬಾರದು, ಬಾಟಲಿ ಡ್ರಮ್ಮಿಗೇ ಹಾಕಬೇಕು. ಮೂರಕ್ಕಿಂತ ಜಾಸ್ತಿ ನಿಯಮ ಮೊದಲ ವರ್ಷ ಬೇಡ.

ಒಪ್ಪದವರ ಜೊತೆ ವಾದ ಮಾಡುವ ಬದಲು ಅರ್ಧ ಎಕರೆ ಕೇಳಿ. ಆ ಅರ್ಧ ಎಕರೆಗೆ ಕಾರ್ಡಿನ ಲೆಕ್ಕದ ಗೊಬ್ಬರ, ಉಳಿದದ್ದಕ್ಕೆ ಅವರ ರೂಢಿ. ಕಟಾವಿನ ದಿನ ಎರಡನ್ನೂ ಬೇರೆ ಬೇರೆ ತೂಗಿ. ಕೃಷಿ ವಿಜ್ಞಾನ ಕೇಂದ್ರದವರನ್ನು ಆ ದಿನ ಕರೆಯಿರಿ. ಚೀಲದ ಖರ್ಚು, ಎಣ್ಣೆಯ ಖರ್ಚು ಪಕ್ಕದಲ್ಲೇ ಬರೆದು ಎಲ್ಲರಿಗೂ ತೋರಿಸಿ.

ಫಲ ಯಾವಾಗ ಕಾಣುತ್ತದೆ

ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ, ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಜನ ಬೇಸತ್ತು ಬಿಡುತ್ತಾರೆ. ಬಸಿಗಾಲುವೆಯ ನೀರಿನಲ್ಲಿ ಕಳೆನಾಶಕ, ಅಮೋನಿಯಾ ಅದೇ ಬೆಳೆಯಲ್ಲಿ ಇಳಿಯುತ್ತವೆ. ಹಳ್ಳದ ನೀರು ತಿಳಿಯಾಗಲು ದಂಡೆಯ ಹುಲ್ಲು ಬೇರು ಬಿಡಬೇಕು, ಎರಡು ಮೂರು ಮಳೆಗಾಲ ಬೇಕು. ರಂಜಕ ಹಳ್ಳದ ತಳದ ಹೂಳಿನಲ್ಲಿ ಕೂತಿರುವುದರಿಂದ ಹೊಸದು ಬರುವುದು ನಿಂತರೂ ಹಳೆಯದು ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ. ಬೋರ್‌ವೆಲ್ಲಿನ ನೈಟ್ರೇಟ್ ಇಳಿಯಲು ಎಲ್ಲಕ್ಕಿಂತ ಹೆಚ್ಚು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಬೋರ್‌ವೆಲ್ಲಿನ ಮೇಲೆ ‘ಮಕ್ಕಳಿಗೆ ಕುಡಿಸಬೇಡಿ’ ಎಂದು ಪಂಚಾಯಿತಿಯಿಂದ ದಪ್ಪ ಅಕ್ಷರದಲ್ಲಿ ಬರೆಸಿ, ಆ ಓಣಿಗೆ ಬೇರೆ ನೀರು ಕೊಡಿಸಿ. ಇದಕ್ಕೆ ಮುಂದಿನ ಗ್ರಾಮಸಭೆಯಲ್ಲೇ ಅರ್ಜಿ ಕೊಡಬಹುದು.